ಪಪ್ಪನ ಹೊಟ್ಟೆ ಇರುವ ಲೋಕ

ಮುಚ್ಚಿದ ಬಾಗಿಲಿನ ಹೊರಗೆ ಕೂತು ಮಗಳು ಟ್ಯಾಬ್ ತೆರೆದಾಗ ನನಗೆ ಸಿಟ್ಟು ನೆತ್ತಿಗೇರಿತು. ಗಂಡ ತೀರಿಕೊಂಡ ಮೇಲೆ ಅವರಿಗೆ ಮೊದಲ ಸಲ ಎಲೆ ಬಡಿಸಿದ ದಿನ ಅದು. ಪರದೇಶದ ಈ ಮಿಲ್ಟನ್ ಊರಿನ ನಮ್ಮ ಮನೆಯ ಅಡುಗೆಕೋಣೆಗೆ ಬಾಗಿಲೇ ಇಲ್ಲದ್ದರಿಂದ ಬೆಡ್‌ರೂಮಿನಲ್ಲಿ ಕೋರಿ ರೊಟ್ಟಿ ಬಡಿಸಿದ್ದೆ. ಹೋದವರು ಬಂದು ಉಣ್ಣುವವರೆಗೆ ಯಾರೂ ಒಳಗೆ ನೋಡಬಾರದು ಎನ್ನುವುದು ನಮ್ಮ ಉಡುಪಿ ಕಡೆಯ ಕ್ರಮ.

"ಇವತ್ತಾದ್ರೂ ಆ ಗೇಮ್ ಬಿಡು ಮಾರಾಯ್ತಿ" ಎಂದು ಗದರಿದೆ. ಅವಳು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಒಂದು ಪುಟ್ಟ ಮನೆ, ಸೋಫಾದಲ್ಲಿ ಬೋಳು ತಲೆಯ, ಕನ್ನಡಕದ, ದೊಡ್ಡ ಹೊಟ್ಟೆಯ ಗಂಡಸು. ಅವರೇ!

ಶಾಲೆಯ ಗೆಳತಿಯರೆಲ್ಲ ತಮ್ಮ ತಮ್ಮ ಅವತಾರಗಳಿಗೆ ಬಟ್ಟೆ ತೊಡಿಸಿ ಹರಟುವ ಆನ್‌ಲೈನ್ ಲೋಕವೊಂದಿದೆ. ಅದನ್ನು ಬಿಟ್ಟು ಇವಳು ಈ ಬೇರೆ ಗೇಮ್ ಹಿಡಿದಾಗ ಏನೋ ಜಗಳವಾಗಿರಬೇಕು ಅಂದುಕೊಂಡಿದ್ದೆ.

"ಅದ್ರಲ್ಲಿ ಎಲ್ಲ ಸ್ಲಿಮ್ ಅಮ್ಮಾ. ಪಪ್ಪನ ಹೊಟ್ಟೆ ಮಾಡ್ಲಿಕ್ಕೆ ಆಗುದಿಲ್ಲ. ಇದ್ರಲ್ಲಿ ಆಗ್ತದೆ. ಬಟ್ ಇಲ್ಲಿ ನಂಗೆ ಫ್ರೆಂಡ್ಸ್ ಯಾರೂ ಇಲ್ಲ."

ನಾನು ಟ್ಯಾಬನ್ನು ಹತ್ತಿರಕ್ಕೆ ಎಳೆದು ಸೋಫಾದಲ್ಲಿದ್ದ ಅವರನ್ನು ನೋಡಿದೆ. "ಎಡಗಡೆ ಭುಜ ಸ್ವಲ್ಪ ತಗ್ಗಿತ್ತಲ್ವಾ ಮಗಾ?" ಎಂದೆ.

"ಆ ಆಪ್ಷನ್ ಇಲ್ಲ" ಎಂದವಳು ನನ್ನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ ಅವಳು.

ಎಷ್ಟೋ ಹೊತ್ತಿನ ಮೇಲೆ ಇಬ್ಬರೂ ಎದ್ದು ಬಾಗಿಲು ತೆರೆದೆವು. ಎಲೆಯ ಮೇಲಿನ ರೊಟ್ಟಿ ಕೋಳಿ ಸಾರಿನಲ್ಲಿ ನೆನೆದು ಮೆತ್ತಗಾಗಿತ್ತು. ಗರಿಗರಿ ಇರುವಾಗಲೇ ತಿನ್ನುವವರು ಅವರು.