ಇಸ್ತ್ರಿ ಅಕ್ಕನ ಬಲಗೈ

ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ. ಗಂಡ ಸೈಕಲ್ಲಿನಲ್ಲಿ ಮನೆಮನೆಯಿಂದ ಬಟ್ಟೆ ತರುತ್ತಿದ್ದ, ಅವಳು ಉಜ್ಜುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಸುಟ್ಟವಳಲ್ಲ. ಆ ಜಂಬವೂ ಸಾಕಷ್ಟಿತ್ತು. ಇಸ್ತ್ರಿ ಪೆಟ್ಟಿಗೆಯ ಶಾಖದ ಗುಂಡಿಯ ಮೇಲಿನ ಅಂಕಿಗಳನ್ನು ಅವಳು ನಂಬುತ್ತಿರಲಿಲ್ಲ. ಬಲಗೈ ಬೆರಳನ್ನು ಹೀಗೆ ತಾಗಿಸಿ ಹಾಗೆ ತೆಗೆದರೆ ಸಾಕು, ರೇಷ್ಮೆಗೋ ಹತ್ತಿಗೋ ಎಂಬುದು ಗೊತ್ತಾಗಿಬಿಡುತ್ತಿತ್ತು.

ಎಂಟು ವರ್ಷದ ಹಿಂದೆ ಬಲ ಎದೆಗೆ ಕ್ಯಾನ್ಸರ್ ಬಂದು, ಆಪರೇಷನ್ ಆಗಿ, ಎದೆಗೂ ಕಂಕುಳಿಗೂ ಇಪ್ಪತ್ತೈದು ದಿನ ರೇಡಿಯೇಷನ್ ಕೊಟ್ಟಿದ್ದರು. ಗಟ್ಟಿ ಜೀವ, ಎರಡೇ ತಿಂಗಳಿಗೆ ಮೇಜಿನ ಮುಂದೆ ನಿಂತಿದ್ದಳು.

ಈ ವರ್ಷ ಆ ಬಲಗೈ ಜೋಮು ಹಿಡಿಯತೊಡಗಿತು. ಒಂದು ಬೆಳಿಗ್ಗೆ ಪೆಟ್ಟಿಗೆ ತಣ್ಣಗಿದೆ ಅನ್ನಿಸಿತು. ಗುಂಡಿ ಏರಿಸಿದಳು. ಆಗಲೂ ತಣ್ಣಗೇ. ಪೂರ್ತಿ ತಿರುಗಿಸಿ ವಕೀಲರ ಬಿಳಿ ಅಂಗಿಯ ಮೇಲೆ ಇಟ್ಟಳು. ಅಂಗಿಯ ಬೆನ್ನು ಸುಟ್ಟುಹೋಯಿತು.

ಸಿಟ್ಟಿನಿಂದ ಪೆಟ್ಟಿಗೆ ಹೊತ್ತು ರಿಪೇರಿಯವನ ಅಂಗಡಿಗೆ ಹೋದಳು. "ಇದು ಬಿಸೀನೇ ಆಗಲ್ಲ ಕಣಯ್ಯ. ಬಟ್ಟೆ ಮಾತ್ರ ಸುಡುತ್ತೆ."

"ಅದ್ಯಾವ ಸೀಮೆ ಪೆಟ್ಟಿಗೆ ಅಕ್ಕ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಅವನು ಪ್ಲಗ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿ, "ಅಯ್ಯಯ್ಯೋ!" ಎಂದು ಕೈ ಕೊಡವಿದ. "ಚೆನ್ನಾಗೇ ಕಾಯ್ತಿದೆಯಲ್ಲ!"

"ಎಲ್ಲಿ?" ಎಂದು ಅವಳು ಬೆರಳಿಟ್ಟಳು. ಇಟ್ಟವಳು ತೆಗೆಯಲೇ ಇಲ್ಲ. ಅವನೇ ಗಾಬರಿಯಾಗಿ ಅವಳ ಕೈ ಎಳೆದ.

ಕ್ಯಾನ್ಸರ್ ಮತ್ತೆ ಬಂತೇನೋ ಎಂದು ಗಂಡ ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನ್ ನೋಡಿದ ಡಾಕ್ಟರು ಅವಳನ್ನು ಮಾತ್ರ ಒಳಗೆ ಕರೆದರು. "ಕಾಯಿಲೆ ಮರಳಿಲ್ಲಮ್ಮ. ಆವತ್ತಿನ ರೇಡಿಯೇಷನ್‌ನಿಂದ ಕೈ ನರಗಳು ಹಾಳಾಗಿವೆ. ಕೆಲವರಿಗೆ ಹೀಗೆ ವರ್ಷಗಳಾದ್ಮೇಲೆ ಆಗುತ್ತೆ."

"ಸರಿಹೋಗುತ್ತಾ?"

"ಕಷ್ಟ. ಬಲವೂ ಕಮ್ಮಿ ಆಗ್ಬಹುದು. ಇಸ್ತ್ರಿ ಕೆಲಸ ಬಿಟ್ಟುಬಿಡಿ."

ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು. ಚೀಟಿ ಮಡಚಿಕೊಂಡು ಹೊರಬಂದಳು.

ಬೆಂಚಿನಿಂದ ಗಂಡ ಧಡಕ್ಕನೆ ಎದ್ದ. "ಏನಂದ್ರು?"

"ಆ ಕಾಯಿಲೆ ಅಲ್ವಂತೆ."

ಅವನಿಗೆ ಹೋದ ಜೀವ ಬಂದಂತಾಯಿತು. ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ಅವನು ಅಳುತ್ತಿದ್ದಾನೆಂದು ಅವಳಿಗೆ ಗೊತ್ತಾದದ್ದು ಭುಜ ಅಲುಗುವುದನ್ನು ನೋಡಿ.

"ನಾಳೆಯಿಂದ ಮತ್ತೆ ಬಟ್ಟೆ ತರ್ತೀನಿ," ಎಂದ.

"ಹೂಂ," ಎಂದಳು.