ಸುಣ್ಣದ ಗೋಡೆ, ಅರಿಶಿನದ ಕರು

ಕಳೆದ ಭಾನುವಾರ ನಮ್ಮ ಹಿತ್ತಿಲ ಗೋಡೆಯ ಮೇಲೆ ಒಂದು ಹಳದಿ ಕರು ಕಣ್ಣೆದುರಿಗೇ ಕೆಂಪಾಯಿತು! ಉತ್ಪ್ರೇಕ್ಷೆಯಲ್ಲ. ನಾನೇ ಕಂಡಿದ್ದೇನೆ.

ಕರುವನ್ನು ಬರೆದವಳು ಗೌರಿ, ನನ್ನ ತಂಗಿಯ ಮಗಳು. ಆರು ವರ್ಷ. ಬೇಸಿಗೆ ರಜಕ್ಕೆ ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ನಮ್ಮ ಮನೆಗೆ ಬಂದಿದ್ದಾಳೆ. ನನ್ನ ಮಕ್ಕಳಿಬ್ಬರೂ ಸೇರಿ ಮೂವರು. ಇಡೀ ದಿನ ಗಲಾಟೆ. ಚಿತ್ರ ಬರೆಸೋಣ ಎಂದುಕೊಂಡೆ. (ಈ ಮಹಾಯುದ್ಧ ಶುರುವಾದ ಮೇಲೆ ಕಾಗದವೇ ಸಿಗದು. ಪೇಂಟಿನ ಡಬ್ಬಿಯನ್ನಂತೂ ಕೇಳಲೇಬೇಡಿ.) ಹಿತ್ತಿಲ ಗೋಡೆಗೆ ಹಿಂದಿನ ದಿನವಷ್ಟೇ ಸುಣ್ಣ ಬಳಿದಿದ್ದೆವು.

"ಬರೀಲಿ ಬುಡ್ಲಾ, ಮಳೆ ಬಂದ್ರೆ ತೊಳ್ಕೊಂಡೋಯ್ತದೆ" ಎಂದರು ಅವ್ವ.

ಕೆಮ್ಮಣ್ಣು ಕಲಸಿದೆ. ಇದ್ದಿಲು ಅರೆದೆ. ಬೇವಿನಕಡ್ಡಿಯ ತುದಿ ಜಜ್ಜಿ ಬ್ರಷ್ ಮಾಡಿದೆ. ನನ್ನ ಮಕ್ಕಳು ಗೋಡೆಗೆ ನುಗ್ಗಿದರು. ಗೌರಿ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ನಂಗೆ ಬರಕಿಲ್ಲ ಮಾವ."

ಪುಸಲಾಯಿಸಿದೆ. ಪೆಪ್ಪರಮಿಂಟು ತೋರಿಸಿದೆ. ಊಹೂಂ.

"ಓದೊರ್ಸ ಆ ಮಗ ಕರ ಬರ್ದಾಗ ನೀ ಏನಂದೆ, ಗ್ಯಾನ ಐತೇನ್ಲಾ?" ಅವ್ವ ಕೇಳಿದರು.

ನೆನಪಾಯಿತು. ಹೋದ ವರ್ಷ ಗೌರಿ ಸ್ಲೇಟಿನ ಮೇಲೆ ಬರೆದ ಆ ಕರುವಿಗೆ ಮೂರೇ ಕಾಲು. "ಇನ್ನೊಂದು ಕಾಲು ಎಲ್ಲೇ? ನರಿ ತಿಂತಾ?" ಎಂದಿದ್ದೆ. ಮನೆಯವರೆಲ್ಲ ನಕ್ಕಿದ್ದರು. ನಾನೇ ಬಳಪ ಕಿತ್ತುಕೊಂಡು ನಾಲ್ಕನೇ ಕಾಲು ಬರೆದಿದ್ದೆ. ಆಮೇಲೆ ತಂಗಿ ಕಾಗದ ಬರೆದಿದ್ದಳು, ಗೌರಿ ಈಗ ಸ್ಲೇಟಿನ ಮೇಲೆ ಅಕ್ಷರ ಬಿಟ್ಟು ಬೇರೇನೂ ಗೀಚುವುದಿಲ್ಲ ಅಂತ. ಓದಿ ನಾನು ಸಂತೋಷಪಟ್ಟಿದ್ದೆ! ಎಂಥ ಶಿಸ್ತು ಎಂದುಕೊಂಡಿದ್ದೆ!

"ಸುಮ್ಕೆ ಎದ್ದೋಗು ಅತ್ಲಾಗೆ" ಎಂದರು ಅವ್ವ. ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ನಿಂತೆ. ಅವ್ವ ಒಂದು ಬಟ್ಟಲಲ್ಲಿ ಅರಿಶಿನ ಕದಡಿ ಗೌರಿಯ ಪಕ್ಕ ಇಟ್ಟರು. ತಾವು ಅಕ್ಕಿ ಆರಿಸುತ್ತ ಕೂತರು.

ಬಹಳ ಹೊತ್ತಾಯಿತು. ಗೌರಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಕಡ್ಡಿ ಅದ್ದಿದಳು. ಕರುವಿನ ಬೆನ್ನು ಒಂದೇ ಗೆರೆಯಲ್ಲಿ ಬಂತು. ಹೊಟ್ಟೆ ಬಂತು, ಬಾಲ ಬಂತು. ಅಷ್ಟರಲ್ಲಿ ಮೊದಲ ಗೆರೆ ಕೆಂಪಗಾಗತೊಡಗಿತು! ಕಡ್ಡಿ ಕೈಜಾರಿತು.

"ನಾನಲ್ಲ ಅಜ್ಜಿ! ಗ್ವಾಡೇನೇ ಮಾಡ್ತು!"

ಅವ್ವ ಬಿದ್ದು ಬಿದ್ದು ನಕ್ಕರು. "ಹಸಿ ಸುಣ್ಣಕ್ಕೆ ಅರಿಸಿನ ಮುಟ್ಟುದ್ರೆ ಓಕುಳಿ ಕಣವ್ವ! ನಿನ್ ಕರೂಗೆ ಜೀವ ಬಂತು ಕಣೇ!"

ಆರತಿ ತಟ್ಟೆಯಲ್ಲಿ ನೂರು ಸಲ ಕಂಡದ್ದೇ. ಆದರೂ ಬಾಗಿಲ ಸಂದಿಯಿಂದ ಕತ್ತು ಚಾಚಿದೆ. ಮಕ್ಕಳ ಕೇಕೆ ಬೀದಿಯವರೆಗೂ ಕೇಳಿಸಿತು. ಸಂಜೆಯ ತನಕ ಗೌರಿ ಗೋಡೆ ಬಿಡಲಿಲ್ಲ. ಕೋಳಿ, ಹೊಳೆ, ಮೀನು, ಚಂದ್ರ! ಎಲ್ಲವೂ ಹಳದಿ, ಮರುಕ್ಷಣ ಎಲ್ಲವೂ ಕೆಂಪು.

ಕೊನೆಗೆ ಹತ್ತಿರ ಹೋದೆ. ಕರುವಿನ ಕಾಲು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಐದು. ತುಟಿ ಕಚ್ಚಿಕೊಂಡೆ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾಕು ಕರೂಗೆ ಮಾವ. ಇನ್ನೊಂದು, ನೀನು ಕೇಳುದ್ರೆ ಇರ್ಲಿ ಅಂತ."

ಆ ನರಿಯ ಮಾತು ಒಂದು ವರ್ಷ ಅವಳ ಜೊತೆಗಿತ್ತು. ನಾನು ಅದನ್ನು ಮರೆತದ್ದು ಯಾವಾಗ? ಬಹುಶಃ ಆಡಿದ ಸಂಜೆಯೇ.