ಬೀಗರಿಗೆ ಕಾಲಿಗೆ ನೀರು

ಈಗ ದೊಡ್ಡ ಸಭೆಗಳೆಲ್ಲ ಹೋಟೆಲಿನ ತಣ್ಣನೆಯ ಹಾಲ್‌ಗಳಲ್ಲಿ ನಡೆಯುತ್ತವೆ. ಅಲ್ಲಿನ ಹೊಳೆಯುವ ನೆಲ ಕಂಡಾಗ ನನಗೆ ಬಂದರು ಪಟ್ಟಣ ವಾಸ್ಕೋದ ಪೆಂಡಾಲ್ ಮೇಸ್ತ್ರಿ ನೆನಪಾಗುತ್ತಾರೆ. ಬಿಜಾಪುರದ ಕಡೆಯವರು. ಮದುವೆ ಇರಲಿ, ಮಂತ್ರಿಗಳ ಸಭೆ ಇರಲಿ, ಕೊನೆಯ ಹಗ್ಗ ಬಿಗಿದು, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಅವರು ಕೇಳುತ್ತಿದ್ದುದು ಒಂದೇ ಮಾತು: “ಬೀಗರು ಎಷ್ಟೊತ್ತಿಗೆ ಬರ್ತಾರ್ರಿ?”

ಒಮ್ಮೆ ಪ್ರವಾಸೋದ್ಯಮದ ಸಮ್ಮೇಳನಕ್ಕೆ ಪೆಂಡಾಲ್ ಹಾಕಿಸಿದ್ದೆವು. ರಸ್ತೆ, ಬಂದರು, ಪರದೇಶಗಳೊಡನೆ ವ್ಯಾಪಾರ ಎಂದೆಲ್ಲ ಚರ್ಚೆಯಿತ್ತು. ವ್ಯವಸ್ಥೆ ನನ್ನದು, ಒಂದು ಎಡವಟ್ಟಾದರೂ ನೌಕರಿ ಹೋಗುತ್ತಿತ್ತು. ವಿದೇಶಿ ಅತಿಥಿಗಳ ಬಸ್ಸು ಅದಿರಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದು, ಅವರು ಇಳಿದು ನಡೆದೇ ಬಂದರು. ಬೂಟುಗಳ ತುಂಬ ಕೆಂಪು ಧೂಳು.

ಬಾಗಿಲಲ್ಲಿ ಮೇಸ್ತ್ರಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು.

“ಏನ್ರಿ ಮೇಸ್ತ್ರಿ ಇದು? ಮೊದ್ಲ ಒಳಗ ಇಡ್ರಿ!” ಎಂದು ಗದರಿದೆ.

“ನಡದು ಬಂದವ್ರಿಗೆ ಕಾಲಿಗೆ ನೀರು ಬ್ಯಾಡೇನ್ರಿ, ಸಾಹೇಬ್ರ?”

ಅಷ್ಟರಲ್ಲಿ ಅತಿಥಿಗಳಲ್ಲಿ ಹಿರಿಯರಾದ ಹೆಂಗಸೊಬ್ಬರು ತಂಬಿಗೆ ನೋಡಿದರು, ಮೇಸ್ತ್ರಿಯ ಮುಖ ನೋಡಿದರು, ಬೂಟು ಕಳಚಿ ಪಾದ ಮುಂದೆ ಚಾಚಿದರು. ಮೇಸ್ತ್ರಿ ಅವಸರವಿಲ್ಲದೆ ನೀರು ಸುರಿದರು. ಉಳಿದವರೂ ಸಾಲಾಗಿ ನಿಂತರು. ಆ ಸಾಲಿನಲ್ಲಿ ಪ್ಯಾಂಟು ಮಡಚಿಕೊಂಡು ನಮ್ಮ ದೊಡ್ಡ ಸಾಹೇಬರೂ ಇದ್ದರು!

ಎಲ್ಲರೂ ಬರಿಗಾಲಲ್ಲೇ ವೇದಿಕೆಗೆ ನಡೆದರು. ಹೊಸ ಕೆಂಪು ಜಮಖಾನೆಯ ಉದ್ದಕ್ಕೂ ಒದ್ದೆ ಹೆಜ್ಜೆಗಳು. ನಾನು ಗಾಬರಿಯಿಂದ ಬಟ್ಟೆ ತಂದು ಬಗ್ಗಿದೆ. ಮೇಸ್ತ್ರಿ ನನ್ನ ಕೈ ಹಿಡಿದರು.

“ಒರಸಬ್ಯಾಡ್ರಿ. ಬೀಗರು ಬಂದಾರಂತ ಮಂದಿಗೆ ಗೊತ್ತಾಗ್ಲಿ.”